‘ನಂತರ’ ಅನ್ನಬೇಡಿ, ಇವತ್ತೇ ಮಾಡಿ!

ಬೆಳಗಿನ ತಿಂಡಿ ಗಡಿಬಿಡಿ ಮುಗಿಸಿ ಫೋನ್ ಕೈಗೆತ್ತಿಕೊಂಡರೆ ‘ಹೊಸ ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದೆ’ ಎಂಬ ಸಂದೇಶ. ‘ಅಯ್ಯೋ, ಇದೆಲ್ಲ ನಮಗೆಲ್ಲಿ ಗೊತ್ತಾಗುತ್ತೆ? ಸಂಜೆ ಮಗ ಬಂದು ನೋಡ್ಕೋತಾನೆ ಬಿಡಿ’ ಎಂದು ‘ನಂತರ’ ಒತ್ತಿಬಿಡುತ್ತೀರಿ. ಸಂಜೆ ಮಗನಿಗೆ ಪುರುಸೊತ್ತಿಲ್ಲ, ಯಜಮಾನರಿಗೆ ನೆನಪಿಲ್ಲ. ಹೀಗೇ ತಿಂಗಳು ಉರುಳುತ್ತದೆ.

ಕುಕ್ಕರ್ ಗ್ಯಾಸ್ಕೆಟ್ ಬದಲಿಸುವುದಕ್ಕೆ, ಗ್ಯಾಸ್ ಬರ್ನರ್ ಶುಚಿ ಮಾಡುವುದಕ್ಕೆ ನೀವು ಯಾರನ್ನಾದರೂ ಕಾಯುತ್ತೀರಾ? ಇದೂ ಅಷ್ಟೇ. ಸ್ವಲ್ಪ ತಾಳ್ಮೆ ಇದ್ದರೆ ಸಾಕು, ನೀವೇ ಮಾಡಬಹುದು.

ಅಪ್‌ಡೇಟ್ ಯಾಕೆ ಬೇಕು?

ಅಪ್‌ಡೇಟ್ ಎಂದರೆ ಬರೀ ಹೊಸ ಬಣ್ಣ, ಹೊಸ ಚಿತ್ರವಲ್ಲ. ಹಿತ್ತಿಲ ಬಾಗಿಲ ಸಡಿಲ ಚಿಲಕವನ್ನು ಬಿಗಿ ಮಾಡಿದ ಹಾಗೆ. 2017ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ಪರಿಹಾರ ಬಿಡುಗಡೆ ಮಾಡಿತು. ಅದನ್ನು ಹಾಕಿಕೊಳ್ಳದೇ ಉಳಿದ ಕಂಪ್ಯೂಟರ್‌ಗಳಿಗೆ ಮೇ ತಿಂಗಳಲ್ಲಿ ‘ವನ್ನಾಕ್ರೈ’ ದಾಳಿ ಇಟ್ಟಿತು. ಬ್ರಿಟನ್ನಿನ ಆಸ್ಪತ್ರೆಗಳೂ ಪರದಾಡಿದವು. ನಿಮ್ಮ ಫೋನಿನಲ್ಲಿ ಬ್ಯಾಂಕ್ ಖಾತೆಯಿದೆ, ಮಕ್ಕಳ ಫೋಟೋಗಳಿವೆ, ಆಧಾರ್ ಪ್ರತಿಯೂ ಇರಬಹುದು. ಚಿಲಕ ಹಾಕದೇ ಮಲಗುತ್ತೀರಾ?

ಮಾಡೋದು ಹೇಗೆ?

* ಮೊದಲು ಫೋಟೋ, ನಂಬರ್‌ಗಳ ಬ್ಯಾಕಪ್ ತೆಗೆದುಕೊಳ್ಳಿ. ಚಾರ್ಜ್ ಅರ್ಧಕ್ಕಿಂತ ಹೆಚ್ಚಿರಲಿ. ವೈಫೈ ಇದ್ದರೆ ಡೇಟಾ ಉಳಿಯುತ್ತದೆ.

* ಆಂಡ್ರಾಯ್ಡ್ ಫೋನಾದರೆ ‘ಸೆಟ್ಟಿಂಗ್ಸ್’ಗೆ ಹೋಗಿ ‘ಸಾಫ್ಟ್‌ವೇರ್ ಅಪ್‌ಡೇಟ್’ ಹುಡುಕಿ. ಕೆಲವು ಫೋನ್‌ಗಳಲ್ಲಿ ಇದು ‘ಸಿಸ್ಟಮ್’ ಒಳಗಿರುತ್ತದೆ. ಐಫೋನ್‌ನಲ್ಲಿ ‘ಸೆಟ್ಟಿಂಗ್ಸ್’, ‘ಜನರಲ್’, ಆಮೇಲೆ ‘ಸಾಫ್ಟ್‌ವೇರ್ ಅಪ್‌ಡೇಟ್’.

* ಫೋನ್ ಆರಿ ಮತ್ತೆ ಹೊತ್ತಿಕೊಳ್ಳುವಾಗ ಗಾಬರಿಯಾಗಿ ಬಟನ್ ಒತ್ತಬೇಡಿ. ಇಡ್ಲಿ ಬೇಯುವಾಗ ಪದೇಪದೇ ಮುಚ್ಚಳ ತೆಗೆಯುತ್ತೇವೆಯೇ? ಅದರ ಪಾಡಿಗೆ ಬಿಡಿ. ಮಧ್ಯಾಹ್ನ ಎಲ್ಲರೂ ಹೊರಗಿದ್ದಾಗ ಮಾಡಿದರೆ ಒಳ್ಳೇದು.

* ಬ್ಯಾಂಕ್ ಮತ್ತು ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಲ್ಲೇ ಅಪ್‌ಡೇಟ್ ಮಾಡಿ.

ಕಂಪನಿಗಳು ಒಂದು ಫೋನಿಗೆ ಇಷ್ಟು ವರ್ಷ ಅಂತ ಮಾತ್ರ ಅಪ್‌ಡೇಟ್ ಕೊಡುತ್ತವೆ. ಹೊಸದು ಕೊಳ್ಳುವಾಗ ಕ್ಯಾಮೆರಾ ಜತೆ ಇದನ್ನೂ ಕೇಳಿ. ಅಪ್‌ಡೇಟ್ ನಿಂತ ಹಳೇ ಫೋನ್ ಹಾಡು ಕೇಳೋದಕ್ಕೆ, ಅಡುಗೆ ವಿಡಿಯೊ ನೋಡೋದಕ್ಕೆ ಇರಲಿ. ಹಣದ ವ್ಯವಹಾರ ಅದರಲ್ಲಿ ಬೇಡ.

ಕಂಪ್ಯೂಟರ್ ಮುನಿಸಿಕೊಂಡರೆ...

* ಆನ್ ಆಗುತ್ತಿಲ್ಲವೇ? ಮೊದಲು ಸ್ವಿಚ್, ಯುಪಿಎಸ್, ಮಾನಿಟರ್ ವೈರ್ ನೋಡಿ. ಗುಡಿಸುವಾಗ ವೈರ್ ಸಡಿಲವಾಗಿರಬಹುದು.

* ಹ್ಯಾಂಗ್ ಆಯಿತೇ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ‘ಟಾಸ್ಕ್ ಮ್ಯಾನೇಜರ್’ ತೆರೆದುಕೊಳ್ಳುತ್ತದೆ. ಹಟ ಹಿಡಿದ ಪ್ರೋಗ್ರಾಂ ಮೇಲೆ ಕ್ಲಿಕ್ ಮಾಡಿ ‘ಎಂಡ್ ಟಾಸ್ಕ್’ ಕೊಡಿ. ಯಾವುದಕ್ಕೂ ಬಗ್ಗದಿದ್ದರೆ ಮಾತ್ರ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ.

* ಆಮೆಗತಿಯೇ? ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಸ್ಟೋರೇಜ್’ನಲ್ಲಿ ‘ಟೆಂಪರರಿ ಫೈಲ್ಸ್’ ಅಳಿಸಿ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಇದ್ದರೆ ಟಿಕ್ ತೆಗೆದುಬಿಡಿ; ಮಗಳ ಅಂಕಪಟ್ಟಿ ಅಲ್ಲೇ ಇರಬಹುದು!

* ಇಂಟರ್‌ನೆಟ್ ಇಲ್ಲವೇ? ರೂಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.

* ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿತೇ? ಕೂಡಲೇ ಆಫ್ ಮಾಡಿ, ಚಾರ್ಜರ್ ಕಿತ್ತು, ಮಗುಚಿಡಿ. ‘ಒಣಗಿತೇನೋ’ ಎಂದು ಆನ್ ಮಾಡಿ ನೋಡುವ ಆತುರ ಬೇಡ. ಅಂಗಡಿಗೆ ಒಯ್ಯಿರಿ.

* ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಯಾವುದೆಂದು ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಅಬೌಟ್’ನಲ್ಲಿ ನೋಡಿ. 10 ಎಂದಿದ್ದರೆ 11 ಹಾಕಿಸಲು ಆಗುತ್ತದೆಯೇ ಎಂದು ವಿಚಾರಿಸಿ.

ನಕಲಿ ಅಪ್‌ಡೇಟ್, ಹುಷಾರ್!

‘ನಿಮ್ಮ ಫೋನಿಗೆ ವೈರಸ್ ಬಂದಿದೆ, ಈಗಲೇ ಇಲ್ಲಿ ಒತ್ತಿ’, ‘ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ಮೇಲೆ ದಿಢೀರ್ ಬಂದರೆ ಮುಚ್ಚಿಬಿಡಿ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಟ್ರಾಫಿಕ್ ದಂಡ, ಬ್ಯಾಂಕ್ ಅಪ್‌ಡೇಟ್ ಎಂದು ‘ಎಪಿಕೆ’ ಫೈಲ್ ಬಂದರೆ, ಕಳಿಸಿದ್ದು ನಿಮ್ಮ ಅತ್ತಿಗೆಯೇ ಆದರೂ ತೆರೆಯಬೇಡಿ. ಅವರ ಫೋನೇ ಕಳ್ಳರ ಕೈಸೇರಿರಬಹುದು. ನಿಜವಾದ ಸಾಫ್ಟ್‌ವೇರ್ ಅಪ್‌ಡೇಟ್‌ಗಾಗಿ ಯಾರೂ ನಿಮಗೆ ಕರೆ ಮಾಡಿ ಒಟಿಪಿ ಕೇಳುವುದಿಲ್ಲ. ಹಣ ಹೋಯಿತೇ? ಯಾರೇನಂತಾರೋ ಎಂದು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ರಿಪೇರಿಗೆ ಕೊಡುವ ಮುನ್ನ

ಬ್ಯಾಟರಿ ಉಬ್ಬಿದ್ದರೆ, ಸುಟ್ಟ ವಾಸನೆ ಬಂದರೆ, ಮುಟ್ಟಿದಾಗ ಶಾಕ್ ಹೊಡೆದರೆ ನಿಮ್ಮ ಪ್ರಯೋಗ ಬೇಡ, ಬಲ್ಲವರಿಗೇ ಕೊಡಿ. ಆದರೆ ಫೋನ್ ಕೊಡುವ ಮುನ್ನ ಸಿಮ್, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಫೋನ್ ಆನ್ ಆಗುವಂತಿದ್ದರೆ ಫೋಟೋಗಳನ್ನು ಬೇರೆಡೆ ಉಳಿಸಿ, ಅದರಿಂದ ಅಳಿಸಿ. ಬ್ಯಾಂಕ್ ಆ್ಯಪ್‌ಗಳನ್ನೂ ತೆಗೆಯಿರಿ. ಯುಪಿಐ ಪಿನ್ ಯಾರಿಗೂ ಹೇಳಬೇಡಿ.

ಮೊದಲ ಸಲ ಕೈ ನಡುಗಬಹುದು, ಪರವಾಗಿಲ್ಲ. ಎರಡು ಸಲ ಮಾಡಿದ ಮೇಲೆ, ‘ಅಮ್ಮಾ, ನನ್ನ ಫೋನೂ ಸ್ವಲ್ಪ ನೋಡಮ್ಮಾ’ ಎಂದು ಮಗನೇ ನಿಮ್ಮ ಹಿಂದೆ ಬಂದರೆ ಆಶ್ಚರ್ಯವಿಲ್ಲ!