ನಾಲ್ಕು, ಮೂರು, ಮತ್ತೆ ನಾಲ್ಕು: ರೋಲ್ಸ್-ರಾಯ್ಸ್ 40/50 ಗಾಡಿಯ ಗೇರುಗಳ ಚರಿತ್ರೆ, 1907–1913

ಮೋಟಾರು ಗಾಡಿಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಎರಡು ಅಂಕಿಗಳನ್ನು ನಂಬಿ ನಡೆಯುತ್ತಾರೆ. ಒಂದು ಎಂಜಿನ್ನಿನ ಅಶ್ವಶಕ್ತಿ. ಇನ್ನೊಂದು ಗಾಡಿಯ ಪರಮಾವಧಿ ವೇಗ. ಈ ಎರಡೂ ಕಾಲಕ್ರಮದಲ್ಲಿ ಏರುತ್ತಲೇ ಹೋಗಿರುವುದರಿಂದ, ಆ ಚರಿತ್ರೆಯು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಪ್ರಗತಿಯ ಕಥೆಯೆಂಬಂತೆ ತೋರುತ್ತದೆ. ಆದರೆ ಗಾಡಿಯನ್ನು ನಿತ್ಯವೂ ನಡೆಸುವವನಿಗೆ ಬೇಕಾದ ಗುಣ ಬೇರೆ. ಜನಸಂದಣಿಯಲ್ಲಿ ಎಂಜಿನ್ನು ತೊದಲದೆ ಮೆಲ್ಲನೆ ಸಾಗಬೇಕು. ನಿಂತಲ್ಲಿಂದ ಎಳೆತವಿಲ್ಲದೆ ಹೊರಡಬೇಕು. ಏರು ಬಂದಾಗ ತಕ್ಕ ಬಲ ತಕ್ಕ ಸಮಯಕ್ಕೆ ಒದಗಬೇಕು. ಈ ಗುಣವನ್ನು ನಾವು ಇಲ್ಲಿ ಚಾಲನಸೌಕರ್ಯವೆಂದು ಕರೆಯುತ್ತೇವೆ. ಇದು ಎಂಜಿನ್ನೊಂದರಲ್ಲಿಯೇ ಇರುವುದಿಲ್ಲ, ಗೇರುಗಳಲ್ಲಿಯೇ ಇರುವುದಿಲ್ಲ. ಅವೆರಡರ ಹೊಂದಾಣಿಕೆಯಿಂದ ಹುಟ್ಟುತ್ತದೆ.

ಈ ಮಾತಿಗೆ ಒಳ್ಳೆಯ ನಿದರ್ಶನವಾಗಿ, ತನ್ನ ಕಾಲದ ಶ್ರೇಷ್ಠ ರಸ್ತೆಗಾಡಿಗಳಲ್ಲೊಂದಾದ ರೋಲ್ಸ್-ರಾಯ್ಸ್ 40/50ರ ಆರು ವರ್ಷಗಳ ಬದಲಾವಣೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. 1907ರಲ್ಲಿ ಈ ಗಾಡಿಗೆ ನಾಲ್ಕು ಗೇರುಗಳಿದ್ದುವು, 1909ರಲ್ಲಿ ಮೂರಾದುವು, 1913ರಲ್ಲಿ ಮತ್ತೆ ನಾಲ್ಕಾದುವು. ಪ್ರಗತಿಯ ಮೆಟ್ಟಿಲುಗಳೆಂಬ ಕಲ್ಪನೆಯಿಂದ ಈ ಹಿಂದುಮುಂದಿನ ನಡೆಯನ್ನು ವಿವರಿಸುವುದು ಸಾಧ್ಯವಿಲ್ಲ.

ಗಾಡಿ ಮತ್ತು ಅದರ ಕಾಲ

40/50 ಗಾಡಿಯು 1906ರ ಕೊನೆಯಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದಿತು. ಆರು ಸಿಲಿಂಡರುಗಳು, ಪ್ರತಿಯೊಂದರ ವ್ಯಾಸ ನಾಲ್ಕೂವರೆ ಅಂಗುಲ, ಪಿಸ್ಟನ್ನಿನ ಓಟವೂ ನಾಲ್ಕೂವರೆ ಅಂಗುಲ, ಒಟ್ಟು ಗಾತ್ರ 7,036 ಘನ ಸೆಂಟಿಮೀಟರು. ಇಷ್ಟು ದೊಡ್ಡ ಎಂಜಿನ್ನು ನಿಮಿಷಕ್ಕೆ ಸುಮಾರು 1,200 ಸುತ್ತು ತಿರುಗುವಾಗ ಕೊಡುತ್ತಿದ್ದುದು 48 ಅಶ್ವಶಕ್ತಿ. ಇಂದಿನ ಸಣ್ಣ ಕಾರಿಗೆ ಹೋಲಿಸಿದರೆ ಈ ಅಂಕಿ ಅಲ್ಪವೆನಿಸುತ್ತದೆ. ಆದರೆ ಗಾಡಿಯನ್ನು ಎಳೆಯುವುದು ಅಶ್ವಶಕ್ತಿಯ ಅಂಕಿಯಲ್ಲ, ದಂಡವನ್ನು ತಿರುಗಿಸುವ ಬಲ. ಯಂತ್ರಜ್ಞರು ಇದನ್ನು ಟಾರ್ಕ್ ಎನ್ನುತ್ತಾರೆ. ಈ ಬಲವನ್ನು ಸುತ್ತುಗಳ ವೇಗದಿಂದ ಗುಣಿಸಿದರೆ ದೊರಕುವುದೇ ಅಶ್ವಶಕ್ತಿ. 1,200 ಸುತ್ತುಗಳಷ್ಟು ನಿಧಾನದಲ್ಲಿ 48 ಅಶ್ವಶಕ್ತಿ ಬರಬೇಕಾದರೆ ತಿರುಗುಬಲವು ಸುಮಾರು 28 ಕಿಲೋಗ್ರಾಂ-ಮೀಟರಿನಷ್ಟು ಇರಲೇಬೇಕು. ನಿಧಾನಗತಿಯಲ್ಲಿಯೂ ಇಷ್ಟು ಬಲವಿದ್ದುದೇ ಈ ಎಂಜಿನ್ನಿನ ಮೃದುತ್ವದ ಗುಟ್ಟು.

ಅಂದಿನ ಕೊಳ್ಳುಗರು ಈ ಗುಣಕ್ಕೆ ಅಷ್ಟು ಬೆಲೆ ಕೊಟ್ಟುದಕ್ಕೆ ಕಾರಣವಿತ್ತು. ಗೇರು ಬದಲಿಸುವುದು ಆಗ ಪ್ರಯಾಸದ ಕೆಲಸ. ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಹಲ್ಲುಚಕ್ರಗಳನ್ನು ಚಾಲಕನು ಕಿವಿಯ ಅಂದಾಜಿನಿಂದಲೇ ಸಮವೇಗಕ್ಕೆ ತಂದು ಕೂಡಿಸಬೇಕಾಗಿತ್ತು. ತಪ್ಪಿದರೆ ಕರ್ಕಶವಾದ ಸದ್ದು, ಸವೆದ ಹಲ್ಲು, ಯಜಮಾನನ ಅಸಮಾಧಾನ. ಈ ಸಮವೇಗವನ್ನು ತಾನಾಗಿಯೇ ಉಂಟುಮಾಡುವ ಸಿಂಕ್ರೊಮೆಷ್ ಸಾಧನವನ್ನು ಕ್ಯಾಡಿಲಾಕ್ ಸಂಸ್ಥೆ ಬಳಕೆಗೆ ತಂದದ್ದು 1928ರಲ್ಲಿ. ಅದಕ್ಕೂ ಹಿಂದೆ, ಗೇರು ಬದಲಿಸದೆಯೇ ಓಡಬಲ್ಲ ಗಾಡಿಯೇ ಉತ್ತಮವಾದ ಗಾಡಿ ಎಂಬ ಅಭಿಪ್ರಾಯವು ಬಲವಾಗಿದ್ದುದು ಸಹಜ.

1907ರ ಗಾಡಿಯಲ್ಲಿ ಮೂರನೆಯ ಗೇರು ನೇರ ಸಂಬಂಧದ್ದು. ಎಂಜಿನ್ನಿನ ಸುತ್ತುಗಳು ಗೇರುಪೆಟ್ಟಿಗೆಯನ್ನು ಬದಲಾಗದೆ ದಾಟಿ ಹಿಂದಿನ ಅಚ್ಚಿಗೆ ತಲುಪುತ್ತಿದ್ದುವು. ನಾಲ್ಕನೆಯದು ಓವರ್‌ಡ್ರೈವ್, ಅದರಲ್ಲಿ ಹಿಂದಿನ ದಂಡವು ಎಂಜಿನ್ನಿಗಿಂತಲೂ ಬೇಗ ತಿರುಗುತ್ತಿತ್ತು. ಸಮತಟ್ಟಾದ ಹಾದಿಯಲ್ಲಿ ಇದರಿಂದ ಎಂಜಿನ್ನಿಗೆ ವಿಶ್ರಾಂತಿ, ಇಂಧನದ ಉಳಿತಾಯ. ಸಿಲ್ವರ್ ಘೋಸ್ಟ್ ಎಂದು ಹೆಸರಾದ ಗಾಡಿಯು ಅದೇ ವರ್ಷ ಅನೈಚ್ಛಿಕ ನಿಲುಗಡೆಯಿಲ್ಲದೆ 14,371 ಮೈಲಿ ಓಡಿ ಕೀರ್ತಿ ಗಳಿಸಿದುದು ಇದೇ ವ್ಯವಸ್ಥೆಯಿಂದ. 1908ರಲ್ಲಿ ಮುಂಬಯಿ–ಕೊಲ್ಲಾಪುರ ಸ್ಪರ್ಧೆಯಲ್ಲಿ ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿಳಿದು ಗೆದ್ದ ‘ಪರ್ಲ್ ಆಫ್ ದಿ ಈಸ್ಟ್’ ಎಂಬ ಗಾಡಿಯೂ ನಾಲ್ಕು ಗೇರುಗಳ ಈ ಕಾಲಕ್ಕೇ ಸೇರಿದುದು.

ಆದರೂ ಓವರ್‌ಡ್ರೈವಿಗೆ ಎರಡು ಕುಂದುಗಳಿದ್ದುವು. ಬಲವು ಹಲ್ಲುಗಳ ಮೂಲಕವೇ ಹಾಯುವುದರಿಂದ ನೇರ ಗೇರಿನ ನಿಶ್ಶಬ್ದತೆ ಅದಕ್ಕಿಲ್ಲ. ಅಲ್ಲದೆ, ಸಣ್ಣ ದಿಣ್ಣೆ ಬಂದರೂ ಕೆಳಗಿನ ಗೇರಿಗೆ ಇಳಿಯಬೇಕು. 1909ರಲ್ಲಿ ಸಂಸ್ಥೆಯು ಅದನ್ನು ಕೈಬಿಟ್ಟು, ನೇರ ಸಂಬಂಧದ ಗೇರೇ ಕೊನೆಯದಾಗಿರುವ ಮೂರು ಗೇರುಗಳ ಪೆಟ್ಟಿಗೆಯನ್ನು ಅಳವಡಿಸಿತು. ಸುಮಾರು ಅದೇ ಸಮಯಕ್ಕೆ ಪಿಸ್ಟನ್ನಿನ ಓಟವನ್ನು ಕಾಲಂಗುಲದಷ್ಟು ಹೆಚ್ಚಿಸಿದುದರಿಂದ ಎಂಜಿನ್ನು 7,428 ಘನ ಸೆಂಟಿಮೀಟರಿಗೆ ಬೆಳೆಯಿತು.

ಇಲ್ಲಿ ಆಧಾರಗಳನ್ನು ಬಳಸುವ ವಿದ್ಯಾರ್ಥಿಗೆ ಒಂದು ಎಚ್ಚರಿಕೆ ಅವಶ್ಯ. ಇಂಗ್ಲೆಂಡಿನ ತೆರಿಗೆಯ ದಾಖಲೆಗಳಲ್ಲಿ ಕಾಣುವ ಅಶ್ವಶಕ್ತಿಯು ಅಳೆದು ಕಂಡುಕೊಂಡುದಲ್ಲ. ಸಿಲಿಂಡರಿನ ವ್ಯಾಸವನ್ನು ಅಂಗುಲಗಳಲ್ಲಿ ವರ್ಗಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿದರೆ ಬರುವ ಲೆಕ್ಕದ ಅಂಕಿ ಅದು. 40/50ಕ್ಕೆ ಈ ಸೂತ್ರದಿಂದ 48.6 ಬರುತ್ತದೆ. ಪಿಸ್ಟನ್ನಿನ ಓಟ ಈ ಸೂತ್ರದಲ್ಲಿ ಸೇರಿಲ್ಲವಾದ್ದರಿಂದ, ಎಂಜಿನ್ನು ದೊಡ್ಡದಾದ ಮೇಲೂ ಅಂಕಿ ಕೂದಲೆಳೆಯಷ್ಟೂ ಕದಲುವುದಿಲ್ಲ. ದಾಖಲೆಯನ್ನಷ್ಟೇ ಓದಿದವನು ಏನೂ ಬದಲಾಗಲಿಲ್ಲವೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ.

ಎಡಿನ್‌ಬರೋ ಮತ್ತು ಕಾಟ್ಷ್‌ಬರ್ಗ್

ಮೂರು ಗೇರುಗಳ ಗಾಡಿಯ ಹಿರಿಮೆಯು 1911ರಲ್ಲಿ ತುದಿ ಮುಟ್ಟಿತು. ನೇಪಿಯರ್ ಸಂಸ್ಥೆಯ ಗಾಡಿಯೊಂದು ಲಂಡನ್ನಿನಿಂದ ಎಡಿನ್‌ಬರೋಗೆ ಹೋಗಿ ಬರುವಷ್ಟು ದೂರವನ್ನು ಟಾಪ್ ಗೇರೊಂದರಲ್ಲಿಯೇ ಕ್ರಮಿಸಿ, ಗ್ಯಾಲನ್ನಿಗೆ 19.35 ಮೈಲಿಯ ಮಿತವ್ಯಯವನ್ನೂ, ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಗಂಟೆಗೆ 76.42 ಮೈಲಿಯ ವೇಗವನ್ನೂ ತೋರಿಸಿತ್ತು. ಇದಕ್ಕೆ ಉತ್ತರವಾಗಿ ಅರ್ನೆಸ್ಟ್ ಹೈವ್ಸ್ ನಡೆಸಿದ ರೋಲ್ಸ್-ರಾಯ್ಸ್ ಅದೇ ಹಾದಿಯನ್ನು ಅದೇ ನಿಯಮದಿಂದ ಮುಗಿಸಿ, ಗ್ಯಾಲನ್ನಿಗೆ 24.32 ಮೈಲಿಯನ್ನೂ ಗಂಟೆಗೆ 78.26 ಮೈಲಿಯನ್ನೂ ಸಾಧಿಸಿತು. ಗೇರುಪೆಟ್ಟಿಗೆಯೇ ಬೇಡವೆನ್ನುವಷ್ಟು ಮೃದುವಾದ ಎಂಜಿನ್ನು ಎಂಬ ಮಾತು ಸಿದ್ಧವಾದಂತಾಯಿತು.

ಮರುವರ್ಷವೇ ಆ ಮಾತಿಗೆ ಮಿತಿ ಕಾಣಿಸಿತು. 1912ರ ಆಸ್ಟ್ರಿಯದ ಆಲ್ಪೈನ್ ಸ್ಪರ್ಧೆಯಲ್ಲಿ ಜೇಮ್ಸ್ ರ‍್ಯಾಡ್ಲಿ ಎಂಬವನು ತನ್ನ ಸ್ವಂತ ರೋಲ್ಸ್-ರಾಯ್ಸ್ ಗಾಡಿಯೊಡನೆ ಭಾಗವಹಿಸಿದನು. ಕಾಟ್ಷ್‌ಬರ್ಗ್ ಕಣಿವೆಮಾರ್ಗದ ಕಡಿದಾದ ಏರಿನಲ್ಲಿ ಗಾಡಿ ನಿಂತುಹೋಯಿತು. ಮೊದಲನೆಯ ಗೇರು ಸಾಲದೆ, ಪ್ರಯಾಣಿಕರನ್ನು ಇಳಿಸಿ ಭಾರವನ್ನು ಕಡಿಮೆಮಾಡಿದ ಮೇಲೆಯೇ ಅದು ಮುಂದಕ್ಕೆ ಹೊರಟಿತು. ಎಡಿನ್‌ಬರೋ ಹಾದಿಯಲ್ಲಿ ಗೇರನ್ನೇ ಮುಟ್ಟದ ಗಾಡಿಯು ಇಲ್ಲಿ ಇದ್ದ ಗೇರುಗಳೆಲ್ಲ ಮುಗಿದು ಸೋತಿತು.

ಸೋಲಿನ ಕಾರಣವನ್ನು ಸರಳವಾದ ಲೆಕ್ಕದಿಂದ ತಿಳಿಯಬಹುದು. ಕೆಳಗಿನ ಅಂಕಿಗಳನ್ನು ವಿವರಣೆಯ ಸೌಕರ್ಯಕ್ಕಾಗಿ ನಾವು ಸ್ಥೂಲವಾಗಿ ಇಟ್ಟುಕೊಂಡಿದ್ದೇವೆ. ಜನರೂ ಸೇರಿ ಗಾಡಿಯ ತೂಕ 2,000 ಕಿಲೋಗ್ರಾಂ, ಚಕ್ರದ ತ್ರಿಜ್ಯ 45 ಸೆಂಟಿಮೀಟರು, ಏರು ನಾಲ್ಕಕ್ಕೆ ಒಂದು ಎನ್ನೋಣ. ಗಾಡಿ ಹಿಂದಕ್ಕೆ ಜಾರದಿರಬೇಕಾದರೇ ಸುಮಾರು 500 ಕಿಲೋಗ್ರಾಮಿನ ಎಳೆತ ಬೇಕು; ಎಂದರೆ ಚಕ್ರದ ಅಚ್ಚಿನಲ್ಲಿ 225 ಕಿಲೋಗ್ರಾಂ-ಮೀಟರಿನ ತಿರುಗುಬಲ. ಎಂಜಿನ್ನಿನದು 28. ಆದರೆ ಕಾಟ್ಷ್‌ಬರ್ಗಿನ ನೆತ್ತಿ ಸಮುದ್ರಮಟ್ಟದಿಂದ 1,641 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಸುಮಾರು 15ರಷ್ಟು ಕಡಿಮೆಯಾಗಿ, ಎಂಜಿನ್ನಿನ ಬಲವೂ ಅಷ್ಟೇ ಕುಗ್ಗುತ್ತದೆ. ಹಲ್ಲುಚಕ್ರಗಳ ಘರ್ಷಣೆಯಲ್ಲಿ ಇನ್ನಷ್ಟು ನಷ್ಟವಾಗಿ, ಉಳಿಯುವುದು ಸುಮಾರು 20. ಆದುದರಿಂದ ಗೇರುಗಳೆಲ್ಲ ಕೂಡಿ ಬಲವನ್ನು ಹನ್ನೊಂದು ಪಟ್ಟು ಹೆಚ್ಚಿಸಬೇಕು. ಹಿಂದಿನ ಅಚ್ಚಿನ ಕ್ರೌನ್ ಮತ್ತು ಪಿನಿಯನ್ ಮೂರು ಪಟ್ಟು ಹೆಚ್ಚಿಸಿದರೆ, ಉಳಿದ ಮೂರೂಮುಕ್ಕಾಲು ಪಟ್ಟಿನಷ್ಟನ್ನು ಮೊದಲನೆಯ ಗೇರು ಪೂರೈಸಬೇಕಾಗುತ್ತದೆ. ನಿಂತ ಗಾಡಿಯನ್ನು ಏರಿನಲ್ಲಿ ಹೊರಡಿಸಲು ಇನ್ನೂ ಹೆಚ್ಚು ಬೇಕು. 1912ರ ದೊಡ್ಡ ಎಂಜಿನ್ನಿಗೆ ಈ ಅಂಕಿ ಕೊಂಚ ಇಳಿಯುತ್ತದೆಯಾದರೂ ತರ್ಕ ಬದಲಾಗುವುದಿಲ್ಲ.

ಮೊದಲನೆಯ ಗೇರನ್ನು ಅಷ್ಟು ಬಲವಾಗಿ ಮಾಡಿದರೆ ತೀರಿತಲ್ಲವೇ ಎಂದು ವಾಚಕರು ಕೇಳಬಹುದು. ಸಮಸ್ಯೆಯ ತಿರುಳಿರುವುದು ಇಲ್ಲಿಯೇ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ಈ ಅಂತರವನ್ನು ಮೂರು ಗೇರುಗಳಲ್ಲಿ ಎರಡೇ ನೆಗೆತಗಳಿಂದ ದಾಟಬೇಕು. ಆಗ ಪ್ರತಿ ನೆಗೆತವೂ ಸುಮಾರು 1.9 ಪಟ್ಟಿನದಾಗುತ್ತದೆ. 1,200 ಸುತ್ತುಗಳಲ್ಲಿ ಎರಡನೆಯ ಗೇರನ್ನು ಬಿಟ್ಟು ಮೂರನೆಯದಕ್ಕೆ ಹೋದರೆ ಎಂಜಿನ್ನು ಒಮ್ಮೆಗೇ 620 ಸುತ್ತುಗಳಿಗೆ ಕುಸಿಯುತ್ತದೆ. ಸಾಧಾರಣ ಏರಿನಲ್ಲಿ ಎರಡನೆಯದು ಅತಿಯಾಗಿ, ಮೂರನೆಯದು ಸಾಲದಾಗುತ್ತದೆ. ಚಾಲಕನಿಗೆ ನೆಲೆಯೇ ಸಿಕ್ಕುವುದಿಲ್ಲ. ನಾಲ್ಕು ಗೇರುಗಳಿದ್ದರೆ ಅದೇ ಅಂತರಕ್ಕೆ ಮೂರು ನೆಗೆತಗಳು, ಒಂದೊಂದೂ ಸುಮಾರು ಒಂದೂವರೆ ಪಟ್ಟಿನದು. ಎಂಜಿನ್ನು ಇಳಿಯುವುದು ಸುಮಾರು 780ರವರೆಗೆ ಮಾತ್ರ. ಹೀಗೆ, ಮೂರು ಗೇರುಗಳ ಗಾಡಿಯಲ್ಲಿ ಬೆಟ್ಟವನ್ನು ಹತ್ತುವ ಶಕ್ತಿ, ಬಯಲಿನಲ್ಲಿ ಸುಗಮವಾಗಿ ಓಡುವ ಗುಣ, ಇವೆರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕಾಗಿತ್ತು. ಇಂಗ್ಲೆಂಡಿನ ರಸ್ತೆಗಳು ಆ ಕೊರತೆಯನ್ನು ಮರೆಮಾಡಿದ್ದುವು. ಆಲ್ಪ್ಸ್ ಪರ್ವತ ಅದನ್ನು ಬಯಲಿಗೆಳೆಯಿತು.

1913ರ ಪರಿಹಾರ

ಸಂಸ್ಥೆಯ ಮುಂದೆ ಎರಡು ಸುಲಭೋಪಾಯಗಳಿದ್ದುವು. ಹಿಂದಿನ ಅಚ್ಚಿನ ಹಲ್ಲುಗಳ ಪ್ರಮಾಣವನ್ನಷ್ಟೇ ಬದಲಿಸಿದ್ದರೆ ಎಲ್ಲ ಗೇರುಗಳೂ ಒಟ್ಟಿಗೆ ಕೆಳಗಿಳಿದು ಗಾಡಿ ಬೆಟ್ಟವನ್ನು ಹತ್ತುತ್ತಿತ್ತು. ಆದರೆ ಬಯಲಿನಲ್ಲಿ ಎಂಜಿನ್ನು ಸದಾ ಅವಸರದಿಂದ ತಿರುಗಬೇಕಾಗಿ, ನಿಶ್ಶಬ್ದತೆಯೂ ಮಿತವ್ಯಯವೂ ಕೆಡುತ್ತಿದ್ದುವು. ಎಂಜಿನ್ನಿನ ಪರಮಾವಧಿ ಶಕ್ತಿಯನ್ನಷ್ಟೇ ಏರಿಸಿದ್ದರೆ, ಆ ಶಕ್ತಿಯು ಹೆಚ್ಚು ಸುತ್ತುಗಳಲ್ಲಿ ಮಾತ್ರ ದೊರಕಿ, ನಿಧಾನಗತಿಯ ಮೃದುತ್ವಕ್ಕೆ ಧಕ್ಕೆ ತಗಲುತ್ತಿತ್ತು. ಸಂಸ್ಥೆಯು ಎರಡನ್ನೂ ಒಟ್ಟಿಗೆ, ಮಿತವಾಗಿ ತಿದ್ದುವ ಮಾರ್ಗವನ್ನು ಹಿಡಿಯಿತು. ಸಂಪೀಡನವನ್ನು ಹೆಚ್ಚಿಸಿ, ದೊಡ್ಡ ಕಾರ್ಬ್ಯುರೆಟರನ್ನು ಜೋಡಿಸಿ, ಶಕ್ತಿಯನ್ನು ಸುಮಾರು 75 ಅಶ್ವಶಕ್ತಿಗೆ ತಂದರು. ದೀರ್ಘವಾದ ಏರುಗಳಿಗಾಗಿ ರೇಡಿಯೇಟರನ್ನು ದೊಡ್ಡದುಮಾಡಿದರು. ನಾಲ್ಕು ಗೇರುಗಳ ಹೊಸ ಪೆಟ್ಟಿಗೆಯನ್ನು ಕೊಟ್ಟರು. ಈ ನಾಲ್ಕು 1907ರ ನಾಲ್ಕಲ್ಲ ಎಂಬುದನ್ನು ಗಮನಿಸಬೇಕು. ಅಂದು ಹೆಚ್ಚಿನ ಗೇರು ಮೇಲ್ತುದಿಯಲ್ಲಿತ್ತು, ವೇಗಕ್ಕಾಗಿ. ಈಗ ಟಾಪ್ ಗೇರು ನೇರವಾಗಿಯೇ ಉಳಿದು, ಹೆಚ್ಚಿನ ಗೇರು ಕೆಳಗೆ ಸೇರಿತು, ಬೆಟ್ಟಕ್ಕಾಗಿ. ಸಂಖ್ಯೆ ಒಂದೇ, ಉದ್ದೇಶ ಬೇರೆ.

1913ರ ಜೂನ್ ತಿಂಗಳಲ್ಲಿ ಸಂಸ್ಥೆಯ ಮೂರು ಗಾಡಿಗಳೂ, ರ‍್ಯಾಡ್ಲಿಯ ಸ್ವಂತ ಗಾಡಿಯೂ ವಿಯೆನ್ನಾದಿಂದ ಹೊರಟು ಅದೇ ಸ್ಪರ್ಧೆಯ ಪರ್ವತಮಾರ್ಗಗಳನ್ನು ಹತ್ತಿ ಪ್ರಶಸ್ತಿಗಳನ್ನು ಗಳಿಸಿದುವು. ಈ ಮಾದರಿಯನ್ನು ಸಂಸ್ಥೆಯು ಕಾಂಟಿನೆಂಟಲ್ ಎಂದು ಕರೆಯಿತು. ಆಲ್ಪೈನ್ ಈಗಲ್ ಎಂಬ ಹೆಸರು ಜನರಲ್ಲಿ ನಿಂತಿತು.

ಉಪಸಂಹಾರ

ಇಂದು ವೇಗದ ಗಾಡಿಯನ್ನು ರಸ್ತೆಗೆ ಹದಗೊಳಿಸುವವರು ಎದುರಿಸುವ ಪ್ರಶ್ನೆಯೂ ಇದೇ. ಕ್ಯಾಮ್ ಶಾಫ್ಟನ್ನು ಬದಲಿಸಿ ಮೇಲ್ತುದಿಯ ಅಶ್ವಶಕ್ತಿಯನ್ನು ಏರಿಸಿದ ಗಾಡಿಯು, ಗೇರುಗಳು ಹಿಂದಿನಂತೆಯೇ ಉಳಿದರೆ, ಊರಿನ ಬೀದಿಯಲ್ಲಿ ಮುಗ್ಗರಿಸುತ್ತದೆ. ಎಂಟು, ಹತ್ತು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆಗಳು ಬಂದಿರುವುದು ನೆಗೆತಗಳನ್ನು ಇನ್ನಷ್ಟು ಕಿರಿದುಗೊಳಿಸುವುದಕ್ಕಾಗಿ. ನಿಂತ ಸ್ಥಿತಿಯಿಂದಲೇ ಪೂರ್ಣ ತಿರುಗುಬಲವನ್ನು ಕೊಡುವ ವಿದ್ಯುತ್ ಮೋಟಾರಿಗೆ ಬಹುಮಟ್ಟಿಗೆ ಒಂದೇ ಗೇರು ಸಾಕಾಗುತ್ತದೆ. ಗೇರುಗಳ ಸಂಖ್ಯೆ ಪ್ರಗತಿಯ ಅಳತೆಗೋಲಲ್ಲ. ಎಂಜಿನ್ನಿನ ಸ್ವಭಾವಕ್ಕೂ ಹಾದಿಯ ಸ್ವಭಾವಕ್ಕೂ ನಡುವೆ ಆದ ಒಪ್ಪಂದ.

ಇತಿಹಾಸದ ವಿದ್ಯಾರ್ಥಿಗೆ ಈ ವೃತ್ತಾಂತದಿಂದ ದೊರೆಯುವ ಪಾಠವೂ ಸಣ್ಣದಲ್ಲ. ವಿಜಯಗಳನ್ನು ದಾಖಲಿಸಲು ಜಾಹೀರಾತುಗಳೂ ಪದಕಗಳೂ ಇರುತ್ತವೆ. ಸೋಲನ್ನು ನಾವೇ ಹುಡುಕಿಕೊಳ್ಳಬೇಕು. ಎಡಿನ್‌ಬರೋ ಓಟವನ್ನಷ್ಟೇ ಓದಿದವನಿಗೆ 1913ರ ಗೇರುಪೆಟ್ಟಿಗೆ ಅನಾವಶ್ಯಕವಾದ ಅಲಂಕಾರವಾಗಿ ಕಾಣುತ್ತದೆ. ಕಾಟ್ಷ್‌ಬರ್ಗಿನಲ್ಲಿ ಪ್ರಯಾಣಿಕರು ಕೆಳಗಿಳಿದು ನಿಂತುದನ್ನು ಅದರೊಡನೆ ಓದಿದಾಗಲೇ ನಾಲ್ಕನೆಯ ಗೇರಿನ ಅರ್ಥ ತಿಳಿಯುತ್ತದೆ.