ಬಂದರಿನಲ್ಲಿ ಕಂಡ ಬಲ

ಶಾಂತಿಯ ಕಾಲದಲ್ಲಿ ಯುದ್ಧನೌಕೆಗಳು ದೂರದ ಬಂದರುಗಳಿಗೆ ಹೋಗುವುದು ಕೇವಲ ನೀರಿಗಾಗಿ, ಎಣ್ಣೆಗಾಗಿ ಅಲ್ಲ. ಎದುರಾಳಿಗಳಿಗೆ ಎಚ್ಚರಿಕೆಯನ್ನೂ ಆಳಿಸಿಕೊಳ್ಳುವ ಜನಕ್ಕೆ ಬೆರಗನ್ನೂ ಉಂಟುಮಾಡುವುದು ಆ ಭೇಟಿಗಳ ಉದ್ದೇಶವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1935ರಲ್ಲಿ ಫ್ರಾನ್ಸಿನ ‘ಸುರ್ಕೂಫ್’ ಎಂಬ ಜಲಾಂತರ್ಗಾಮಿಯು ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪಗಳ ಬಂದರುಗಳಿಗೆ ಹೋದುದು ಇದೇ ಬಗೆಯ ಭೇಟಿ. ಗ್ವಾದಲೂಪ್, ಮಾರ್ತಿನೀಕ್ ದ್ವೀಪಗಳು ಫ್ರೆಂಚರ ಕೈಸೇರಿ ಆ ವರ್ಷಕ್ಕೆ 300 ವರ್ಷಗಳು ತುಂಬಿದ್ದುವು.

ನೌಕೆಯ ಹೆಸರಿಗೂ ನಮ್ಮ ಕಡಲಿಗೂ ಸಂಬಂಧವುಂಟು. 1800ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ‘ಕೆಂಟ್’ ಹಡಗನ್ನು, ಅದಕ್ಕಿಂತ ಚಿಕ್ಕದಾದ ತನ್ನ ಹಡಗಿನಿಂದ ಸೆರೆಹಿಡಿದವನು ರೊಬೇರ್ ಸುರ್ಕೂಫ್. ವ್ಯಾಪಾರದ ಹಡಗುಗಳನ್ನು ಬೇಟೆಯಾಡಲೆಂದು ಕಟ್ಟಿದ ಜಲಾಂತರ್ಗಾಮಿಗೆ ಅವನ ಹೆಸರನ್ನಿಟ್ಟರು. 1929ರಲ್ಲಿ ಷೆರ್ಬೂರಿನಲ್ಲಿ ನೀರಿಗಿಳಿದ ಈ ನೌಕೆಯ ಉದ್ದ ಸುಮಾರು 360 ಅಡಿ. ಮುಳುಗಿದಾಗಿನ ಭಾರ 4,300 ಟನ್ನು. 8 ಅಂಗುಲದ ಎರಡು ಫಿರಂಗಿಗಳು, ಒಂದು ಪುಟ್ಟ ವಿಮಾನ, 40 ಮಂದಿ ಸೆರೆಯಾಳುಗಳಿಗೆ ಸ್ಥಳ ಇವೆಲ್ಲವೂ ಅದರಲ್ಲಿದ್ದುವು. 1930ರ ಲಂಡನ್ ಒಪ್ಪಂದವು ಜಲಾಂತರ್ಗಾಮಿಗಳನ್ನು 2,000 ಟನ್ನಿಗೆ ಮಿತಿಗೊಳಿಸಿದಾಗ ಈ ನೌಕೆಯನ್ನು ಇಟ್ಟುಕೊಳ್ಳಲು ಫ್ರಾನ್ಸಿಗೆ ವಿಶೇಷ ವಿನಾಯಿತಿ ದೊರೆಯಿತು.

ಆದರೆ ದಡದಲ್ಲಿ ನಿಂತು ನೋಡಿದವರಿಗೆ ಕಾಣದ ಸಂಗತಿಯೊಂದಿತ್ತು. ಫಿರಂಗಿ ಹಾರಿಸಬೇಕಾದರೆ ನೌಕೆ ಮೇಲಕ್ಕೆ ಬರಬೇಕು. ಮೇಲಕ್ಕೆ ಬಂದರೆ ಅದರ ಮರೆ ತಪ್ಪುವುದು. ನೀರಿನ ಮಟ್ಟಕ್ಕೆ ಸಮೀಪದಲ್ಲಿದ್ದ ಅದರ ದೂರಮಾಪಕಕ್ಕೆ ಸುಮಾರು 11 ಕಿಲೋಮೀಟರಿನಾಚೆಗೆ ಗುರಿ ಕಾಣದು. ಗುಂಡು ಮಾತ್ರ ಅದರ ಇಮ್ಮಡಿಗೂ ಮೀರಿ ಹೋಗಬಲ್ಲುದು. ಕೈ ಉದ್ದ, ಕಣ್ಣು ಗಿಡ್ಡ!

1940ರಲ್ಲಿ ಫ್ರಾನ್ಸ್ ಸೋತಾಗ ‘ಸುರ್ಕೂಫ್’ ಆಶ್ರಯಕ್ಕಾಗಿ ಇಂಗ್ಲೆಂಡಿನ ಬಂದರಿನಲ್ಲಿತ್ತು. ಜುಲೈ 3ರಂದು ಬ್ರಿಟಿಷರು ಬಲಾತ್ಕಾರದಿಂದ ಅದನ್ನು ವಶಪಡಿಸಿಕೊಂಡರು. ನಿನ್ನೆಯ ಮಿತ್ರರ ನಡುವಿನ ಆ ಘರ್ಷಣೆಯಲ್ಲಿ ಮೂವರು ಬ್ರಿಟಿಷರೂ ಒಬ್ಬ ಫ್ರೆಂಚನೂ ಮಡಿದರು. ಅನಂತರ ಸ್ವತಂತ್ರ ಫ್ರೆಂಚ್ ಪಕ್ಷದ ಧ್ವಜದಡಿ ನಡೆದ ಆ ನೌಕೆ 1942ರ ಫೆಬ್ರವರಿಯಲ್ಲಿ ಬರ್ಮುಡಾದಿಂದ ಪನಾಮಾ ಕಾಲುವೆಯ ಕಡೆಗೆ ಹೊರಟು, 130 ಮಂದಿಯೊಡನೆ ಕಣ್ಮರೆಯಾಯಿತು. ಕತ್ತಲಲ್ಲಿ ಅಮೆರಿಕದ ಸರಕು ಹಡಗೊಂದು ಡಿಕ್ಕಿಹೊಡೆದುದೇ ಕಾರಣವೆಂದು ಬಹುಮಂದಿ ಎಣಿಸುತ್ತಾರೆ. ಶತ್ರುವಿನ ಒಂದು ಹಡಗನ್ನಾದರೂ ಅದು ಮುಳುಗಿಸಿರಲಿಲ್ಲ.

ಏಳು ವರ್ಷಗಳ ಹಿಂದೆ ವೈಭವದಿಂದ ಸಂಚರಿಸಿದ ಕೆರಿಬಿಯನ್ ಸಮುದ್ರವೇ ಅದಕ್ಕೆ ಸಮಾಧಿಯಾಯಿತು. ನಾವಿಕರ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಬಂದರಿನ ಬೆರಗನ್ನೇ ಬಲವೆಂದು ಭ್ರಮಿಸಿದ ಸರಕಾರಗಳ ವಿಷಯದಲ್ಲಿ ಮಾತ್ರ ನಮಗೆ ಆ ಗೌರವವಿಲ್ಲ. ರಾಜ್ಯಗಳು ತಪ್ಪುಲೆಕ್ಕ ಹಾಕಿದರೆ ಅದರ ಬೆಲೆಯನ್ನು ತೆರುವವರು ಅವುಗಳ ಮಕ್ಕಳು.