ನಿಮಗಿದು ಗೊತ್ತೆ? ಮಾವನ ಪೇಟಿಯೇ ಮೊದಲ ಪಾಠಶಾಲೆ!

ಕನ್ನಡ, ಸಂಸ್ಕೃತ, ಹಿಂದಿಗಳೆಂಬ ಮೂರು ಭಾಷೆಗಳಲ್ಲಿ ಕೃತಿರಚನೆಗೈದ ಗದುಗಿನ ಪಂಡಿತ ಪುಟ್ಟರಾಜ ಗವಾಯಿಗಳಿಗೆ ಸಂಗೀತದ ಗೀಳು ಹತ್ತಿದುದು ಗುರುಸನ್ನಿಧಿಯಲ್ಲಲ್ಲ, ಸೋದರಮಾವನ ಹಾರ್ಮೋನಿಯಂ ಪೇಟಿಯಿಂದ! 1914ರಲ್ಲಿ ಹಾವೇರಿ ಸೀಮೆಯ ದೇವಗಿರಿಯಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು, ತಂದೆತಾಯಿಗಳ ಆಸರೆಯೂ ತಪ್ಪಿ ಮಾವ ಚಂದ್ರಶೇಖರಯ್ಯನವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಬಾಲಕನು, ಅವರು ನುಡಿಸುತ್ತಿದ್ದ ಪೇಟಿಯ ಮನೆಗಳನ್ನು ತಡವಿ ಸ್ವರ ಹೊರಡಿಸಲು ಹವಣಿಸುತ್ತಿದ್ದುದನ್ನು ಕಂಡ ಮಾವನು, ಅವನನ್ನು ಪಂಚಾಕ್ಷರ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮಕ್ಕೆ ಒಪ್ಪಿಸಿದರು. ವಿಶೇಷವೆಂದರೆ, ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳನ್ನು ಬಲ್ಲ ಆ ಗುರುವೂ ಅಂಧರೇ ಆಗಿದ್ದರು. ತಬಲಾ, ಸಾರಂಗಿ, ಪಿಟೀಲುಗಳನ್ನೂ ವಶಪಡಿಸಿಕೊಂಡ ಶಿಷ್ಯರು, ಗುರುಗಳು ಲಿಂಗೈಕ್ಯರಾದ 1944ರಿಂದ 2010ರವರೆಗೆ, ತಮ್ಮ ಕೊನೆಯುಸಿರಿನ ತನಕ, ಆಶ್ರಮದ ಹೊಣೆಯನ್ನು ಹೊತ್ತಿದ್ದರು.